ಮಸಿ ಸವರದ ಮುನ್ನೂರು ಗರಿ

ಕಾಲು ಆಡಿಸಬೇಡ, ಕಣ್ಣು ಮುಚ್ಚು. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟೋಕೆ ಮುಂಚೆ, ಒಬ್ಬ ರಾಜ ಇದ್ದನಂತೆ. ಅವನ ಒಬ್ಬನೇ ಮಗ ಜ್ವರ ಬಂದು ಸತ್ತುಹೋದನಂತೆ. ಆಮೇಲೆ ರಾಜನಿಗೆ ಅನ್ನ ಸೇರದು, ಮಾತು ಬೇಡ, ಮೈಯೆಲ್ಲ ಸಿಟ್ಟು. ಯಾರೂ ಕೇಳದ ದೊಡ್ಡ ಕತೆ ಬೇಕು, ಮುನ್ನೂರು ತಾಳೆಗರಿ ತುಂಬಬೇಕು, ಈ ಅಮಾವಾಸ್ಯೆಗೆ ಶುರುಮಾಡಿ ಮುಂದಿನ ಅಮಾವಾಸ್ಯೆಗೆ ತಂದುಕೊಡಬೇಕು, ಇಲ್ಲದಿದ್ದರೆ ಕೋಟೆಬಂಡೆ ಮೇಲಿಂದ ತಳ್ಳಿಸ್ತೀನಿ ಅಂತ ಓಲೆ ಬರೆಯೋರ ಮನೆಗೆ ಆಳು ಕಳಿಸಿದನಂತೆ.

ಆ ಮನೇಲಿ ಅವ್ವ, ಇಬ್ಬರು ಗಂಡುಮಕ್ಕಳು, ಅವರ ಪಕ್ಕ ಕೂತು ಬರೆಯೋದು ಕಲಿತ ತಂಗಿ ದೇಕವ್ವ. ಬೇರೆಯವರು ಬರೆದಿದ್ದನ್ನ ನೋಡಿ ನಕಲು ಮಾಡೋದೇ ಅವರ ಕಸುಬು. ಸ್ವಂತದ್ದು ಅಂತ ಒಂದು ಸಾಲೂ ಬರೆದವರಲ್ಲ, ಪಾಪ.

ಮೊದಲು ದೊಡ್ಡಣ್ಣ ಮಾಚಯ್ಯ ಕೂತ. ಮುಹೂರ್ತ ನೋಡಿದ, ಗರಿ ಬೇಯಿಸಿದ, ಒಣಗಿಸಿದ, ಉಜ್ಜಿದ, ಇನ್ನೂ ನುಣುಪು ಬರಲಿ ಅಂದ, ಇವತ್ತು ವಾರ ಸರಿಯಿಲ್ಲ ಅಂದ. ತಿಂಗಳು ಕಳೀತು, ಒಂದಕ್ಷರವೂ ಇಲ್ಲ. ಆಳುಗಳು ಎಳಕೊಂಡುಹೋಗಿ ತಳ್ಳೇಬಿಟ್ಟರಂತೆ. ಹ್ಞೂಂ ಪುಟ್ಟಿ, ನಿಜವಾಗ್ಲೂ. ಅವ್ವ ಬಂಡೆ ಕೆಳಗೆ ಹೋಗಿ, ಮಗನ ಹೆಣಕ್ಕೆ ಸೆರಗು ಮುಚ್ಚಿ ಹೊತ್ತು ತಂದಳಂತೆ.

ಆಮೇಲೆ ಎರಡನೆಯವನು, ಕೇತಯ್ಯ. ಅವನು ಹೆದರಿ ಅವತ್ತೇ ಶುರುಮಾಡಿದ. ತಾಳೆಗರಿ ಮೇಲೆ ಕಂಠ ಅನ್ನೋ ಕಬ್ಬಿಣದ ಮೊನೆಕಡ್ಡೀಲಿ ಕೊರೆದ ಅಕ್ಷರ ಕಣ್ಣಿಗೆ ಕಾಣಲ್ಲ ಕಣೇ, ದೀಪದ ಮಸಿ ಸವರಿದರೇ ಎದ್ದು ಕಾಣೋದು. ಇವನು ಒಂದು ಗರಿ ಕೊರೆಯೋದು, ಮಸಿ ಸವರೋದು, ಥೂ ಚೆನ್ನಾಗಿಲ್ಲ ಅಂತ ಒಲೆಗೆ ಹಾಕೋದು. ಮೂವತ್ತನೇ ದಿನವೂ ಮೊದಲನೇ ಗರಿಯಲ್ಲೇ ಇದ್ದನಂತೆ. ಅವನನ್ನೂ ತಳ್ಳಿದರು.

ಮೂರನೇ ಸಲ ಆಳುಗಳು ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. ನಾನು ಬರೀತೀನಿ ಅಂದಳಂತೆ ದೇಕವ್ವ ಒಳಗಿಂದ. ಅಂದುಬಿಟ್ಟು ಗರಿ ಮುಂದಿಟ್ಟುಕೊಂಡು ಕೂತಳು. ಏನು ಬರೀಲಿ ಅವ್ವಾ, ಅಣ್ಣಂದಿರು ಬಿದ್ದಿದ್ದು ಬಿಟ್ಟರೆ ನಂಗೆ ಬೇರೇನೂ ಹೊಳೀತಿಲ್ಲ ಅಂತ ಅತ್ತಳು. ಹಂಗಾದ್ರೆ ಅಲ್ಲಿಂದ್ಲೇ ಹಿಡಿ ಮಗಳೇ ಅಂದಳಂತೆ ಅವ್ವ.

ಆಮೇಲೆ ಮಸಿ ಕುಡಿಕೆಯನ್ನ ಅಟ್ಟಕ್ಕೆ ಏರಿಸಿ, ದಿನಕ್ಕೆ ಹತ್ತು ಗರಿ, ಹಿಂದೆ ತಿರುಗಿ ನೋಡದೆ, ಚೆಂದವೋ ಕೆಟ್ಟದ್ದೋ ಗೊತ್ತಿಲ್ಲದೆ ಕೊರೆದಳಂತೆ. ಅಣ್ಣಂದಿರನ್ನ ಬರೆದಳು, ಬಂಡೆ ಬರೆದಳು, ಮಗ ಸತ್ತ ಅಪ್ಪನೊಬ್ಬ ಊರವರ ಮಕ್ಕಳನ್ನ ನುಂಗಿದ್ದು ಬರೆದಳು. ಬೆರಳು ಒಡೆದು ರಕ್ತ ಬಂದರೆ ಬಟ್ಟೆ ಸುತ್ತಿಕೊಂಡಳು. ಕೊನೇ ದಿನ ತಾಯಿ ಮಗಳು ಮುನ್ನೂರಕ್ಕೂ ಮಸಿ ಸವರಿದರೆ, ಸಾಲೆಲ್ಲ ಸೊಟ್ಟ, ಬರೀ ತಪ್ಪು. ಆದರೆ ಕತೆ ಇತ್ತು.

ರಾಜ ಮೂರು ದಿನ ಎದ್ದೇಳದೆ ಓದಿದನಂತೆ. ನಾಕನೇ ದಿನ ಅತ್ತು ಅತ್ತು ಊದಿದ ಮುಖದಲ್ಲಿ ಹೊರಗೆ ಬಂದು, ಇನ್ನು ಯಾರನ್ನೂ ತಳ್ಳಕೂಡದು ಅಂದ. ದೇಕವ್ವನನ್ನ ಕರೆಸಿ, ಏನು ಬೇಕು ಕೇಳು ಅಂದ. ಅಣ್ಣಂದಿರನ್ನ ಕೊಡು ಅಂದಳು. ಅದೊಂದು ನನ್ನ ಕೈಲಾಗದು ಅಂದ ರಾಜ. ಹಂಗಾದ್ರೆ, ನಮ್ಮವ್ವಂಗೆ ಓದಕ್ಕೆ ಬರಲ್ಲ, ಈ ಕತೇನ ನೀನೇ ಬಂದು ಓದಿ ಹೇಳು ಅಂದಳಂತೆ.

ರಾಜ ಬಂದು ಅವ್ವನ ಮುಂದೆ ನೆಲದ ಮೇಲೆ ಕೂತನಂತೆ. ತಾನು ಮಾಡಿದ್ದನ್ನ ತನ್ನ ಬಾಯಲ್ಲೇ, ಮೊದಲ ಗರಿಯಿಂದ ಕೊನೇ ಗರಿವರೆಗೂ ಓದಿದನಂತೆ. ನಡುವೆ ನಿಲ್ಲಿಸಿದರೆ, ಓದು ಅನ್ನೋಳಂತೆ ಅವ್ವ, ಅಷ್ಟೇ. ಕೊನೆಗೆ, ಮುಗೀತಾ ಅಂದಳಂತೆ. ಮುಗೀತು ತಾಯಿ ಅಂದನಂತೆ. ಅವತ್ತು ಅವ್ವ ಮಗಳು ಎಷ್ಟೋ ದಿನಕ್ಕೆ ಹೊಟ್ಟೆತುಂಬ ಉಂಡರಂತೆ. ನಮ್ಮ ಕತೆಯೂ ಅಲ್ಲಿಗೇ ಮುಗೀತು, ಮಲಕ್ಕೋ.