ಅತ್ತಿಹಾಳ ಕೋಡಿ ಸಂಕವ್ವ

"ಗುರುಗಳೇ, ಪ್ರತಿ ಕಂಪ್ಯೂಟರಿಗೂ ಐಪಿ ವಿಳಾಸ ಕೊಟ್ಟಿದ್ದೇನೆ. ವಿಳಾಸ ಸರಿಯಾಗಿದ್ದ ಮೇಲೆ ಈ ಸಬ್‌ನೆಟ್ ಮಾಸ್ಕ್ ಅನ್ನುವುದು ಯಾಕಾದರೂ ಬೇಕು?" ಎಂದು ಹೊಳೆಬಸು ಕೇಳಿದ.

ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಸಿಟ್ಟೇ ಹೆಚ್ಚಿತ್ತು. ಆಸ್ಪತ್ರೆಯ ಹಳೇ ಕಟ್ಟಡದಲ್ಲಿ ವಾರ್ಡು, ಹೊಸ ಕಟ್ಟಡದಲ್ಲಿ ರಕ್ತ ಪರೀಕ್ಷೆಯ ಕೋಣೆ, ನಡುವೆ ಒಂದು ರೂಟರ್. ವಾರ್ಡಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದವು. ಹೊಸ ಕಟ್ಟಡವನ್ನು ಕರೆದರೆ ಮಾತ್ರ ಉತ್ತರವಿಲ್ಲ. ಅತ್ತ ಡಾಕ್ಟರು ರೋಗಿಗಳ ವರದಿಗಾಗಿ ಕಾಯುತ್ತಿದ್ದರು. "ಈ ರೂಟರೇ ದರಿದ್ರದ್ದು, ಕಿತ್ತು ಬಿಸಾಡಬೇಕು" ಎಂದು ಹೊಳೆಬಸು ಬೆಳಗಿನಿಂದ ಗೊಣಗುತ್ತಿದ್ದ.

ಅವನಿಗೆ ಈ ವಿದ್ಯೆ ಕಲಿಸಿದ ರಾಚಯ್ಯನವರು ಪರದೆಯನ್ನೊಮ್ಮೆ ನೋಡಿದರು. ಕುರ್ಚಿ ಎಳೆದುಕೊಂಡು ಕೂತರು. "ತಮ್ಮಾ, ಒಂದು ಕತೆ ಕೇಳು" ಎಂದರು.

ಅತ್ತಿಹಾಳು ಎಂಬ ಊರಿಗೆ ಒಬ್ಬ ರೈತ ಹೊಸದಾಗಿ ಬಂದು ನೆಲೆಸಿದ್ದ. ಹೆಂಡತಿ ತುಂಬು ಬಸುರಿ. "ನೋವು ಬಂದರೆ ಅತ್ತಿಹಾಳ ಕೋಡಿ ಸಂಕವ್ವನನ್ನು ಕರೆ, ಅಂಥ ಸೂಲಗಿತ್ತಿ ಮತ್ತೊಬ್ಬಳಿಲ್ಲ" ಎಂದು ನೆರೆಯಾಕೆ ಹೇಳಿಟ್ಟಿದ್ದಳು. ಸುಗ್ಗಿಯ ಕಾಲ. ಊರೆಲ್ಲ ಹೊಲದಲ್ಲಿದ್ದ ಒಂದು ಮಧ್ಯಾಹ್ನವೇ ನೋವು ಶುರುವಾಯಿತು.

ರೈತ ಲೆಕ್ಕ ಹಾಕಿದ. ಅತ್ತಿಹಾಳು ಅಂದರೆ ನಮ್ಮೂರು. ಕೋಡಿ ಸಂಕವ್ವ ಅಂದರೆ ಹೆಂಗಸಿನ ಹೆಸರು. ಸರಿ, ಓಣಿ ಓಣಿ ತಿರುಗಿ "ಕೋಡಿ ಸಂಕವ್ವಾ! ಏ ಕೋಡಿ ಸಂಕವ್ವಾ!" ಎಂದು ಗಂಟಲು ಹರಿಯುವಂತೆ ಕೂಗಿದ. ಒಬ್ಬರೂ ಓ ಅನ್ನಲಿಲ್ಲ.

ದೂರದಲ್ಲಿ, ಊರು ಹೊಗುವ ಅಗಸೆ ಬಾಗಿಲಲ್ಲಿ ತಳವಾರ ಕೂತೇ ಇದ್ದ. ಊರ ಹೊರಗಿನವರು ಯಾರು ಬೇಕೆಂದರೂ ಅವರಿರುವಲ್ಲಿಗೆ ದಾರಿ ಹೇಳುವುದು ಅವನ ಕೆಲಸ. ಆದರೆ ಸಂಕವ್ವ ಊರೊಳಗೇ ಇದ್ದಾಳೆ ಅಂದುಕೊಂಡವನು ಅಗಸೆಗೆ ಯಾಕೆ ಹೋದಾನು?

ಬೆವರು ಸುರಿಸುತ್ತ ಮನೆಗೆ ಬಂದು, "ಆ ಮುದುಕಿ ಕಿವುಡಿ ಇರಬೇಕು ನೋಡು" ಅಂದ.

ಒಳಗಿಂದ ಹೆಂಡತಿ ಹಲ್ಲು ಕಚ್ಚಿಕೊಂಡು ಕೂಗಿದಳು: "ಅಯ್ಯೋ ನನ್ನ ಹಣೆಬರಹವೇ! ಊರೊಳಗಿದ್ದರೆ ಇಷ್ಟೊತ್ತಿಗೆ ಓ ಅಂದಿರುತ್ತಿದ್ದಳು. ಕೂಗಿದ್ದು ಸಾಕು, ಅಗಸೆಗೆ ಹೋಗ್ರಿ!"

ರೈತ ಎದ್ದೆನೋ ಬಿದ್ದೆನೋ ಎಂದು ಓಡಿದ. ಹೆಸರು ಕೇಳಿದ್ದೇ ತಳವಾರ ಕೆರೆಯತ್ತ ಕೈ ತೋರಿಸಿದ. ಕೆರೆ ತುಂಬಿದಾಗ ನೀರು ಹರಿದುಹೋಗುವ ಕೋಡಿಯ ಆಚೆ ಬೇರೆಯೇ ಒಂದು ಪುಟ್ಟ ಊರು. ಅದರ ಹೆಸರೇ ಅತ್ತಿಹಾಳ ಕೋಡಿ. ಹೆಂಗಸಿನ ಹೆಸರು ಬರೀ ಸಂಕವ್ವ.

ಸಂಕವ್ವ ಬಂದಳು. ಕೂಸು ಅಡ್ಡ ತಿರುಗಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ದೇವರು ದೊಡ್ಡವನು, ಎರಡು ಜೀವವೂ ಉಳಿದವು.

ಹೊಳೆಬಸು ಉಸಿರು ಬಿಟ್ಟ. "ಆ ನೆರೆಯಾಕೆ ಊರು ಯಾವುದು, ಹೆಂಗಸು ಯಾರು ಅಂತ ಬಿಡಿಸಿ ಹೇಳಬಾರದಿತ್ತೇ, ಗುರುಗಳೇ?"

"ಹಾಗೆ ಬಿಡಿಸಿ ಹೇಳುವುದೇ ಮಾಸ್ಕ್, ತಮ್ಮಾ. ನಿನ್ನ ಐಪಿ ವಿಳಾಸದಲ್ಲಿ ನಾಲ್ಕು ಭಾಗ. ಎರಡೂ ಕಟ್ಟಡಕ್ಕೆ ಮೊದಲೆರಡು ಒಂದೇ, ಮೂರನೆಯದು ಬೇರೆ. ಮೊದಲ ಮೂರು ಭಾಗ ಸೇರಿ ಊರಿನ ಹೆಸರು, ಕೊನೆಯದು ಆಳಿನ ಹೆಸರು. ನಿನ್ನ ಮಾಸ್ಕ್ ಎರಡಕ್ಕೇ ಊರು ಮುಗಿಯಿತು ಅನ್ನುತ್ತಿದೆ."

ಹೊಳೆಬಸು ಪರದೆ ನೋಡಿದ. ಮಾಸ್ಕ್ 255.255.0.0 ಎಂದಿತ್ತು; 255 ಇದ್ದಷ್ಟು ಭಾಗ ಊರಿನ ಹೆಸರು. ಮೂರನೆಯ ಜಾಗದಲ್ಲೂ 255 ಇರಬೇಕಿತ್ತು. ವಾರ್ಡಿನ ಕಂಪ್ಯೂಟರು ಹೊಸ ಕಟ್ಟಡವನ್ನೂ ತನ್ನೂರೇ ಎಂದು ತಿಳಿದು, ಬೆಳಗಿನಿಂದ ತನ್ನ ಓಣಿಯಲ್ಲೇ ಕೂಗುತ್ತಿತ್ತು. ಅವನು ನಾಲಿಗೆ ಕಚ್ಚಿಕೊಂಡು ಅದನ್ನು ತಿದ್ದಿದ.

"ಹಾಗಾದರೆ ರೂಟರ್ ಕೆಟ್ಟಿಲ್ಲವೇ?" ಎಂದು ಮೆಲ್ಲಗೆ ಕೇಳಿದ.

ರಾಚಯ್ಯನವರು ಎದ್ದು ನಿಂತರು.

"ಬೆಳಗಿನಿಂದ ಆ ತಳವಾರನನ್ನು ಬಯ್ಯುತ್ತಿದ್ದೀಯಲ್ಲ, ಒಬ್ಬರಾದರೂ ಅವನ ಹತ್ತಿರ ಹೋಗಿ ದಾರಿ ಕೇಳಿದ್ದರೇನು?"