ಸಾಧು ರೇಜರ್

ಷಡಕ್ಷರಿಯನ್ನು ಹೊಳೆದಂಡೆಯ ಮಠಕ್ಕೆ ಕರೆತಂದವಳು ಅವನ ಹೆಂಡತಿ ಸರ್ವಮಂಗಳಾ.

ಊರಿನಲ್ಲಿ ಅವನಿಗೊಂದು ಹಿಟ್ಟಿನ ಮಿಲ್ಲಿತ್ತು. ಕುಡಿತವೂ ಇತ್ತು. ಬೆಳಿಗ್ಗೆ ಎದ್ದರೆ ಕೈ ಎಷ್ಟು ನಡುಗುತ್ತಿತ್ತೆಂದರೆ, ನೀರಿನ ಲೋಟ ಬಾಯಿಗೆ ತಾಗುವ ಮೊದಲೇ ಅರ್ಧ ಚೆಲ್ಲಿರುತ್ತಿತ್ತು. ಒಂದು ದಿನ ಓಡುತ್ತಿದ್ದ ಮಿಲ್ಲಿನ ಬೆಲ್ಟಿಗೆ ಅವನ ಅಂಗಿಯ ತೋಳು ಸಿಕ್ಕಿತು. ಅಂಗಿ ಹರಿಯಿತು, ಕೈ ಉಳಿಯಿತು. ಮರುದಿನವೇ ಅವಳು ಅವನನ್ನು ಬಸ್ಸು ಹತ್ತಿಸಿದಳು.

ಮಠದ ಗುರುಗಳನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಅವರು ಅವನ ಕೈ ನೋಡಿದರು. ಅವಳ ಮುಖ ನೋಡಿದರು.

"ನಡುಕ ನಿಲ್ಲುವ ತನಕ ಇರಲಿ," ಎಂದರು.

ಅವಳು ಸಂಜೆಯ ಬಸ್ಸಿಗೆ ಒಬ್ಬಳೇ ವಾಪಸು ಹೋದಳು. ಅಂದಿನಿಂದ ಮಿಲ್ಲನ್ನು ಅವಳೇ ನಡೆಸಿದಳು.

ಆ ಮಠದಲ್ಲಿ ಗಡ್ಡ ಬಿಡುವ ರೂಢಿ ಇರಲಿಲ್ಲ. ಅವರವರ ಗಡ್ಡ ಅವರವರೇ ಬೋಳಿಸಿಕೊಳ್ಳಬೇಕು. ಗುರುಗಳು ಷಡಕ್ಷರಿಗೆ ಒಂದು ಹಳೆಯ ಸೇಫ್ಟಿ ರೇಜರ್ ಕೊಟ್ಟರು.

ಅವನು ಅದನ್ನು ಮುಟ್ಟಲಿಲ್ಲ. "ಬುದ್ಧಿ, ಈ ಕೈಗೆ ಬ್ಲೇಡು ಕೊಡ್ತೀರಾ?"

"ಇದು ಸಾಧು," ಎಂದರು ಗುರುಗಳು. "ಹಾಯುವುದಿಲ್ಲ."

ಹಾಗೇ ಆಯಿತು. ಆ ರೇಜರಿನಲ್ಲಿ ಬ್ಲೇಡಿನ ಅಂಚು ಕಂಡೂ ಕಾಣದಷ್ಟು ಮಾತ್ರ ಹೊರಗೆ ಇಣುಕುತ್ತಿತ್ತು. ನಡುಗುವ ಕೈಯಲ್ಲಿ ಒತ್ತಿ ಹಿಡಿದು ಎಳೆದರೂ ಗಾಯವಾಗಲಿಲ್ಲ. ಒತ್ತಿ ಹಿಡಿಯದಿದ್ದರೆ ಕೈ ಎಲ್ಲೆಲ್ಲೋ ಹೋಗುತ್ತಿತ್ತು. ಹಾಗಾಗಿ ಅವನು ಒತ್ತುವುದನ್ನೇ ಕಲಿತ.

ವರ್ಷಗಳು ಕಳೆದವು. ಕುಡಿತ ಬಿಟ್ಟಿತು. ಗದ್ದುಗೆಯ ದೀಪಕ್ಕೆ ಎಣ್ಣೆ ಹಾಕುವ ಕೆಲಸ ಅವನ ಪಾಲಿಗೆ ಬಂತು. ಒಂದು ಹನಿಯೂ ಹೊರಗೆ ಬೀಳುತ್ತಿರಲಿಲ್ಲ.

ಸರ್ವಮಂಗಳಾ ಆಗಾಗ ಬಂದು ಹೋಗುತ್ತಿದ್ದಳು.

"ಯಾವಾಗ ಬರ್ತೀರಿ?" ಎನ್ನುತ್ತಿದ್ದಳು.

"ನೋಡೋಣ," ಎನ್ನುತ್ತಿದ್ದ.

ಅವಳು ದಾಸೋಹದಲ್ಲಿ ಊಟ ಮಾಡಿ ಹೊರಡುತ್ತಿದ್ದಳು.

ಒಂದು ಬೆಳಿಗ್ಗೆ ಷಡಕ್ಷರಿ ರೇಜರ್ ಹಿಡಿದುಕೊಂಡೇ ಗುರುಗಳ ಹತ್ತಿರ ಬಂದ. ಕೆನ್ನೆ ಕೆಂಪಾಗಿತ್ತು.

"ಬುದ್ಧಿ, ಇದು ನನಗೆ ಆಗ್ತಿಲ್ಲ."

"ಏನು ಮಾಡುತ್ತದೆ?"

"ಏನೂ ಮಾಡೋದಿಲ್ಲ. ಅದೇ ತೊಂದರೆ."

ಗುರುಗಳು ನಕ್ಕರು.

"ಎಳೆದಲ್ಲೇ ಎಳೀಬೇಕು ಬುದ್ಧಿ. ಕೂದಲು ಹೋಗೋದಕ್ಕೆ ಮೊದಲೇ ಚರ್ಮ ಉರಿಯುತ್ತೆ. ಇಷ್ಟಾದರೂ ಮಧ್ಯಾಹ್ನದ ಹೊತ್ತಿಗೆ ಕೆನ್ನೆ ಗರಗಸದ ಹಾಗಿರುತ್ತೆ. ಮೊದಲು ಹೀಗೆ ಅನ್ನಿಸ್ತಿರಲಿಲ್ಲ."

"ರೇಜರ್ ಕೆಟ್ಟಿದೆಯೋ?"

"ಇಲ್ಲ. ಅದು ಹೇಗಿತ್ತೋ ಹಾಗೇ ಇದೆ."

"ಮತ್ತೆ?"

ಷಡಕ್ಷರಿ ಬಲಗೈಯನ್ನು ಮುಂದೆ ಚಾಚಿ ಹಿಡಿದ. ಬೆರಳುಗಳು ಅಲುಗಲಿಲ್ಲ. ಅದನ್ನು ತೋರಿಸುವಾಗ ಅವನಿಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಗುರುಗಳು ಬಹಳ ಹೊತ್ತು ಆ ಕೈಯನ್ನೇ ನೋಡಿದರು.

"ಪೇಟೆಗೆ ಹೋಗಿ ಬೇರೆಯದು ತಾ."

"ಯಾರ ಜೊತೆ ಹೋಗಲಿ?"

"ಒಬ್ಬನೇ ಹೋಗು."

ಮಠಕ್ಕೆ ಬಂದ ಮೇಲೆ ಅವನು ಒಬ್ಬನೇ ಪೇಟೆಗೆ ಹೋದದ್ದು ಅದೇ ಮೊದಲು.

ಫ್ಯಾನ್ಸಿ ಸ್ಟೋರಿನವನು ಹಳೆಯ ರೇಜರಿನ ವಿವರ ಕೇಳಿಕೊಂಡು, ಗಾಜಿನ ಪೆಟ್ಟಿಗೆಯಿಂದ ರೇಜರುಗಳನ್ನು ತೆಗೆದು ಮುಂದಿಟ್ಟ.

"ಇದು ನಿಮ್ಮ ಹಳೇದರ ಹಾಗೇ, ಮೆತ್ತಗೆ. ಇದು ಚುರುಕು. ಇದು ಅದಕ್ಕಿಂತ ಚುರುಕು."

"ಬ್ಲೇಡು ಬೇರೆಯಾ?"

"ಬ್ಲೇಡು ಎಲ್ಲಕ್ಕೂ ಒಂದೇ. ಅಂಚು ಎಷ್ಟು ಹೊರಗೆ ಬರುತ್ತೆ ಅನ್ನೋದಷ್ಟೇ ವ್ಯತ್ಯಾಸ."

"ಗಾಯ ಆಗುತ್ತಾ?"

"ಒತ್ತಿದರೆ ಆಗುತ್ತೆ. ನಮ್ಮಪ್ಪ ದಿನಾ ಇದರಲ್ಲೇ ಮಾಡ್ಕೊಳ್ಳೋದು."

ಷಡಕ್ಷರಿ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದ. ಕಡೆಯದರ ಬಾಯಿ ಬಾಚಣಿಗೆಯ ಹಲ್ಲಿನ ಹಾಗಿತ್ತು. ಅದನ್ನು ಕೆಳಗಿಟ್ಟು ಅದರ ಪಕ್ಕದ್ದನ್ನು ತೆಗೆದುಕೊಂಡ.

ಮಠದ ದಾರಿಯಲ್ಲಿ ಒಂದು ಬ್ರಾಂದಿ ಅಂಗಡಿ ಇತ್ತು. ಪೇಟೆಗೆ ಬರುವಾಗ ಅವನು ತಲೆ ತಗ್ಗಿಸಿಕೊಂಡು ಅದನ್ನು ದಾಟಿದ್ದ. ವಾಪಸು ಹೋಗುವಾಗ ದಾಟಲಾಗಲಿಲ್ಲ. ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋದ.

"ತಡವಾಯಿತಲ್ಲ," ಎಂದರು ಗುರುಗಳು.

"ಸುತ್ತಿ ಬಂದೆ ಬುದ್ಧಿ."

ಯಾಕೆಂದು ಅವರು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನೊರೆ ಹಚ್ಚಿ, ಹೊಸ ರೇಜರನ್ನು ಗಲ್ಲಕ್ಕಿಟ್ಟು ಎಳೆದ. ನೊರೆಯಲ್ಲಿ ಒಂದು ಕೆಂಪು ಗೆರೆ ಮೂಡಿತು. ಆಮೇಲೆ ಅದು ಕುತ್ತಿಗೆಗೆ ಇಳಿಯಿತು.

ಟವೆಲ್ಲು ಒತ್ತಿಕೊಂಡು ಗುರುಗಳ ಹತ್ತಿರ ಹೋದ.

"ಕೈ ನಡುಗಿತೋ?" ಎಂದು ಕೇಳಿದರು.

"ಇಲ್ಲ ಬುದ್ಧಿ. ಒತ್ತಿಬಿಟ್ಟೆ."

"ಯಾಕೆ?"

"ಹಳೇದಕ್ಕೆ ಒತ್ತಲೇಬೇಕಿತ್ತು."

ಗುರುಗಳು ಅವನ ಕೈಯಿಂದ ರೇಜರ್ ತೆಗೆದುಕೊಂಡು ತೊಳೆದರು. ತಮ್ಮ ಕೆನ್ನೆಗೆ ನೊರೆ ಹಚ್ಚಿಕೊಂಡರು. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ರೇಜರ್ ತನ್ನ ಭಾರಕ್ಕೆ ತಾನೇ ಇಳಿಯಲು ಬಿಟ್ಟರು. ಅದು ಸರ್ರನೆ ಇಳಿಯಿತು. ಇಳಿದ ದಾರಿಯಲ್ಲಿ ಒಂದು ಕೂದಲೂ ಉಳಿಯಲಿಲ್ಲ.

ರೇಜರನ್ನು ವಾಪಸು ಕೊಟ್ಟರು.

ಷಡಕ್ಷರಿಗೆ ಗಲ್ಲ ಉರಿಯುತ್ತಿತ್ತು. "ಬುದ್ಧಿ, ಆ ಹಳೇದೇ ಇರಲಿ. ನನಗೆ ಅದೇ ಸರಿ."

"ಅದು ಇಲ್ಲವಲ್ಲ."

"ಎಲ್ಲಿ ಹೋಯಿತು?"

"ನಿನ್ನೆ ಒಬ್ಬರು ಮೇಷ್ಟ್ರು ಬಂದರು. ಅವರಿಗೆ ಕೊಟ್ಟೆವು. ಪಾಪ, ಅವರ ಕೈ ನೋಡಬೇಕು ನೀನು."

ಷಡಕ್ಷರಿ ಆ ಕೈ ನೋಡಿದ. ಮೇಷ್ಟ್ರು ಹೊಳೆಯ ಮೆಟ್ಟಿಲ ಮೇಲೆ ಕೂತು ಸೋಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ಬಟ್ಟಲು ಕುಣಿಯುತ್ತಿತ್ತು. ಹಳೆಯ ರೇಜರ್ ಅವರ ಪಕ್ಕದಲ್ಲಿತ್ತು. ಅದನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಬೇರೆ ದಾರಿ ಇಲ್ಲದೆ ಚುರುಕು ರೇಜರಿನಲ್ಲೇ ಕಲಿತ. ಮೊದಮೊದಲು ಭಯಕ್ಕೆ ಅರ್ಧ ಗಡ್ಡ ಬಿಟ್ಟೇ ಏಳುತ್ತಿದ್ದ. ಕಿವಿಯ ಕೆಳಗೆ ಇನ್ನೊಂದು ಸಲ ಕೊಯ್ದುಕೊಂಡ. ಬರಬರುತ್ತ ಬೆರಳುಗಳು ಸಡಿಲವಾದವು. ಎಳೆದದ್ದನ್ನು ಮತ್ತೆ ಎಳೆಯುವ ಕೆಲಸ ತಪ್ಪಿತು. ಕೆನ್ನೆಯ ಕೆಂಪು ಹೋಯಿತು.

ಆ ದಿನಗಳಲ್ಲೇ ಸರ್ವಮಂಗಳಾ ಬಂದಳು. ಬಳೆಗಳ ಸಂದಿಯಲ್ಲಿ ರಾಗಿ ಹಿಟ್ಟು ಅಂಟಿತ್ತು. ಜಗಲಿಯ ಮೇಲೆ ಕೂತು ಅವನ ಮುಖವನ್ನು ನೋಡಿದಳು.

"ಚೆನ್ನಾಗಿ ಕಾಣ್ತೀರಿ," ಎಂದಳು.

"ಹೊಸ ರೇಜರ್."

"ಚೈತ್ರ ಪಿಯುಸಿ ಮುಗಿಸಿದಳು."

"ಹೌದಾ." ಅವನು ಮಠಕ್ಕೆ ಬಂದಾಗ ಮಗಳು ಅವನ ದನಿ ಕೇಳಿದರೆ ಪಕ್ಕದ ಮನೆಗೆ ಓಡುತ್ತಿದ್ದ ಹುಡುಗಿ. "ನನ್ನ ವಿಷಯ ಏನಾದರೂ ಕೇಳ್ತಾಳಾ?"

"ಇಲ್ಲ."

ಅವನು ಜಗಲಿಯ ಕಂಬಕ್ಕೆ ಒರಗಿದ.

"ಯಾವಾಗ ಬರ್ತೀರಿ?"

"ನೋಡೋಣ."

ಅವಳು ಬಳೆಯ ಹಿಟ್ಟನ್ನು ಉಗುರಿನಿಂದ ಕೆರೆದಳು.

"ಇನ್ನು ನಾನು ಬರೋದಿಲ್ಲ ಕಣ್ರೀ. ಸಿಟ್ಟಲ್ಲಿ ಹೇಳ್ತಿಲ್ಲ. ಬರೋ ದಿನ ಎಲ್ಲ ಮಿಲ್ಲು ಮುಚ್ಚಬೇಕು. ಜನ ಬೇರೆ ಕಡೆ ಹೋಗ್ತಾರೆ. ಬಂದು ಹೋದ ಮೇಲೆ ಒಂದು ವಾರ ನನಗೆ ನಿದ್ದೆ ಬರಲ್ಲ. ಬರ್ತೀನಿ ಅಂದರೆ ಬರ್ತೀನಿ ಅನ್ನಿ. ಬರಲ್ಲ ಅಂದರೆ ಅದನ್ನೇ ಹೇಳಿ. ನಾನು ಅಳೋದಾದರೆ ಒಂದೇ ಸಲ ಅತ್ತುಬಿಡ್ತೀನಿ."

ಅವನು ಹೊಳೆಯ ಕಡೆ ತಿರುಗಿದ.

ಅವಳು ಊಟಕ್ಕೂ ನಿಲ್ಲಲಿಲ್ಲ. ಚೀಲ ಎತ್ತಿಕೊಂಡು ಬಸ್ ಸ್ಟಾಪಿಗೆ ಹೋಗಿ ಕೂತಳು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಷಡಕ್ಷರಿ ನೇರ ಗುರುಗಳ ಕೋಣೆಗೆ ಹೋದ.

"ಬುದ್ಧಿ, ನನಗೆ ದೀಕ್ಷೆ ಕೊಡಿ. ಇಲ್ಲೇ ಇದ್ದುಬಿಡ್ತೀನಿ."

"ಇವತ್ತು ನಮ್ಮ ಗಡ್ಡ ನೀನು ಮಾಡು," ಎಂದರು ಗುರುಗಳು.

"ಈಗಲಾ?"

"ಈಗಲೇ. ನಿನ್ನ ರೇಜರ್ ತಾ."

ಅವನು ಯಾವತ್ತೂ ಇನ್ನೊಬ್ಬರ ಗಡ್ಡ ಮುಟ್ಟಿದವನಲ್ಲ. ನೀರು ಬಿಸಿ ಮಾಡಿ ತಂದ. ಗುರುಗಳು ಜಗಲಿಯ ಮೇಲೆ ಹೊಳೆಗೆ ಮುಖ ಮಾಡಿ ಕೂತರು. ಅವರ ಚರ್ಮ ತೆಳ್ಳಗೆ, ಸುಕ್ಕಾಗಿತ್ತು. ಅವನು ಎರಡು ಬೆರಳಲ್ಲಿ ರೇಜರ್ ಹಿಡಿದು ಒಂದು ಕೆನ್ನೆ ಮುಗಿಸಿದ.

"ದೀಕ್ಷೆ ಯಾಕೆ?" ಎಂದರು ಗುರುಗಳು.

"ಇಲ್ಲಿ ನನ್ನ ಕೈ ನಡುಗೋದಿಲ್ಲ ಬುದ್ಧಿ."

"ಇಲ್ಲಿ ಯಾಕೆ ನಡುಗಬೇಕು?"

ಷಡಕ್ಷರಿ ರೇಜರನ್ನು ನೀರಲ್ಲಿ ಅದ್ದಿದ. ಗುರುಗಳು ತಲೆಯನ್ನು ಹಿಂದಕ್ಕೆ ಚಾಚಿ ಗಂಟಲನ್ನು ಅವನಿಗೆ ಕೊಟ್ಟರು. ಅವನು ಉಸಿರು ಬಿಗಿಹಿಡಿದು ರೇಜರನ್ನು ಗಂಟಲ ಮೇಲಿಟ್ಟ.

ಆಗ ಗುರುಗಳು ಹೇಳಿದರು: "ಈ ಬಸ್ಸಿಗೆ ನೀನೂ ಹೋಗು."

ರೇಜರ್ ಇದ್ದಲ್ಲೇ ನಿಂತಿತು. ಅದರ ಕೆಳಗೆ ಗುರುಗಳ ನಾಡಿ ಹೊಡೆದುಕೊಳ್ಳುವುದು ಅವನಿಗೆ ಕಾಣುತ್ತಿತ್ತು. ಅವನ ಕಣ್ಣಲ್ಲಿ ನೀರು ತುಂಬಿತು. ಕೈ ಅಲುಗಲಿಲ್ಲ.

"ಬುದ್ಧಿ, ಅಲ್ಲಿ ಮನೆ ಪಕ್ಕದಲ್ಲೇ ಅಂಗಡಿ ಇದೆ."

"ಇದೆ."

"ಮಗಳು ಮುಖ ನೋಡೋದಿಲ್ಲ."

"ಮೊದಲು ನೋಡದೇ ಇರಬಹುದು."

"ನಾನೇನು ತಪ್ಪು ಮಾಡಿದೆ, ಹೊರಗೆ ಹಾಕ್ತಿದ್ದೀರಲ್ಲ?"

"ನೀನು ವಾಸಿಯಾದೆ."

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

"ಇನ್ನೊಂದು ಕೆನ್ನೆ ಉಳಿದಿದೆ ಬುದ್ಧಿ."

"ಅದನ್ನು ನಾವು ನೋಡಿಕೊಳ್ಳುತ್ತೇವೆ."

ಷಡಕ್ಷರಿ ರೇಜರನ್ನು ಬಟ್ಟಲಿಗೆ ಹಾಕಿ, ಅರ್ಧ ಮುಖ ನೊರೆಯಿದ್ದ ಗುರುಗಳ ಕಾಲಿಗೆ ಬಿದ್ದ. ಹಾಕಿಕೊಂಡಿದ್ದ ಬಟ್ಟೆಯಲ್ಲೇ ಓಡಿದ.

ಬಸ್ಸಿನಲ್ಲಿ ಸರ್ವಮಂಗಳಾ ಕಿಟಕಿಯ ಕಡೆ ಕೂತಿದ್ದಳು. ಅವನನ್ನು ನೋಡಿ, ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಕಂಡಕ್ಟರ್ ಬಂದಾಗ, "ಎರಡು," ಎಂದಳು.

ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಷಡಕ್ಷರಿ ಮಠಕ್ಕೆ ಬಂದ. ಒಬ್ಬನೇ ಬಂದಿದ್ದ. ಮೂಲೆಯಲ್ಲಿ ನಿಂತ.

"ಹತ್ತಿರ ಬಾ," ಎಂದರು ಗುರುಗಳು.

"ಬುದ್ಧಿ, ನಿನ್ನೆ ಕುಡಿದೆ."

"ಎಷ್ಟು?"

"ಒಂದು ಲೋಟ. ಇನ್ನೊಂದನ್ನು ತರಿಸಿದೆ. ಅದನ್ನು ಮುಟ್ಟದೆ ಎದ್ದು ಬಂದೆ."

"ಮನೆಯಲ್ಲಿ?"

"ಹೋಗಿ ಹೇಳಿದೆ. ಅವಳು ತಟ್ಟೆ ಹಾಕಿದಳು. ಚೈತ್ರ ಊಟ ಬಿಟ್ಟು ಎದ್ದು ಹೋದಳು."

"ಬೆಳಿಗ್ಗೆ?"

"ಬೆಳಿಗ್ಗೆ ಕಾಫಿ ತಂದು ನನ್ನ ಮುಂದಿಟ್ಟಳು. ಚೈತ್ರ. ಮಾತಾಡಲಿಲ್ಲ. ಲೋಟ ಹಿಡಿಯೋವಾಗ ನನ್ನ ಕೈಯನ್ನೇ ನೋಡ್ತಾ ನಿಂತಿದ್ದಳು."

ಗುರುಗಳು ಎದುರಿನ ಚಾಪೆ ತೋರಿಸಿದರು.

"ನನಗೆ ಅದು ತಡೆಯೋಕೆ ಆಗಲಿಲ್ಲ ಬುದ್ಧಿ. ಬೈದಿದ್ದರೆ ಚೆನ್ನಾಗಿತ್ತು." ಅವನು ಕೂತುಬಿಟ್ಟ. "ನನ್ನನ್ನು ಮತ್ತೆ ಇಲ್ಲೇ ಇಟ್ಟುಕೊಳ್ಳಿ. ದೀಪಕ್ಕೆ ಎಣ್ಣೆ ಹಾಕಿಕೊಂಡು ಇರ್ತೀನಿ."

ಗುರುಗಳು ಅವನ ಮುಂಗೈಯನ್ನು ಹಿಡಿದು ತಿರುಗಿಸಿ ನೋಡಿದರು. ರೋಮಗಳ ತುಂಬ ಹಿಟ್ಟು ಕೂತಿತ್ತು.

"ಇವತ್ತು ಮಿಲ್ಲು ತೆಗೆದಿದ್ದೆಯಾ?"

"ತೆಗೆದಿದ್ದೆ. ಬೆಳಿಗ್ಗೆ ಬಂದವರಿಗೆಲ್ಲ ಬೀಸಿ ಕೊಟ್ಟೇ ಬಂದೆ."

"ಸಂಜೆ ಬರುವವರಿಗೆ ಯಾರು ಬೀಸಿ ಕೊಡುತ್ತಾರೆ?" ಎಂದು ಕೇಳಿದರು ಗುರುಗಳು.