ಸುಂಕದ ಕಟ್ಟೆಯಲ್ಲಿ ಕುಬಸ

ಏಳು ಹೊಳೆ ದಾಟಿದರೆ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ರಾಜನ ಸುದ್ದಿ ಆಮೇಲೆ ಬರುತ್ತದೆ, ಅವನಿಗೇನೂ ಅವಸರವಿಲ್ಲ. ಅಲ್ಲಿಯ ಒಂದು ಊರಲ್ಲಿ ಶಾವಂತ್ರೆವ್ವ ಅಂತ ರೊಟ್ಟಿ ಬಡಿಯುವ ಹೆಂಗಸೊಬ್ಬಳಿದ್ದಳು.

ರೊಟ್ಟಿ ಅಂದರೆ ಎಂಥ ರೊಟ್ಟಿ! ತೆಳ್ಳಗೆ, ದುಂಡಗೆ, ಊದಿದರೆ ಹಾರಿಹೋಗಬೇಕು. ಅವಳ ಕೈಬಡಿತ ಕೇಳಿದರೆ ಉಂಡು ಎದ್ದವರಿಗೂ ಮತ್ತೆ ಹಸಿವಾಗುತ್ತಿತ್ತು. ಆದರೆ ಗಂಡ ತೀರಿಹೋದ. ಮನೆಯಲ್ಲಿ ಹನ್ನೊಂದು ವರ್ಷದ ಮಗಳು ತಂಗೆವ್ವ, ಗಡಿಗೆಯಲ್ಲಿ ಒಂದು ಹಿಡಿ ಹಿಟ್ಟು. ಶಾವಂತ್ರೆವ್ವ ಮಗಳನ್ನು ನಾದಿನಿಯ ಕೈಗೆ ಒಪ್ಪಿಸಿ, ಹಡಗು ಹತ್ತಿ, ಸಮುದ್ರದಾಚೆಯ ದೊರೆಯ ಅಡಿಗೆಮನೆಗೆ ದುಡಿಯಲು ಹೋದಳು.

ಊರು ಸುಮ್ಮನಿರುತ್ತದೆಯೇ? ಗಂಡನಿಲ್ಲದವಳು ಹಡಗು ಹತ್ತಿದಳೆಂದರೆ ಬಾವಿಕಟ್ಟೆಗೆ ಮೂರು ತಿಂಗಳ ಮಾತು. ಒಬ್ಬಳು ಅಂದಳು, ಆ ದೊರೆಯೇ ಇವಳನ್ನು ಇಟ್ಟುಕೊಂಡಿದ್ದಾನೆ. ಇನ್ನೊಬ್ಬಳು ಅಂದಳು, ದೊರೆಯಲ್ಲ, ಹಡಗಿನವನು. ಮೂರನೆಯವಳು, ಇಬ್ಬರೂ ಅಂದುಬಿಟ್ಟಳು. ಆ ಕಡೆ ಶಾವಂತ್ರೆವ್ವ ದಿನಕ್ಕೆ ಮುನ್ನೂರು ರೊಟ್ಟಿ ಬಡಿದು, ಅಂಗೈ ಸುಟ್ಟುಕೊಂಡು, ಒಲೆಯ ಮುಂದೆಯೇ ಕೂತು ನಿದ್ದೆ ಮಾಡುತ್ತಿದ್ದಳು. ಇಟ್ಟುಕೊಂಡಿದ್ದು ಒಲೆ, ಅಷ್ಟೇ.

ಎಂಟನೆಯ ವರ್ಷ ನಾದಿನಿ ತಂಗೆವ್ವನ ಮದುವೆ ಮಾಡಿದಳು. ಸುದ್ದಿ ಸಮುದ್ರ ದಾಟುವ ಹೊತ್ತಿಗೆ ಚಪ್ಪರ ಕಿತ್ತು ಒಂದೂವರೆ ತಿಂಗಳಾಗಿತ್ತು. ಆ ದಿನ ದೊರೆಯ ತಟ್ಟೆಗೆ ಸೀದ ರೊಟ್ಟಿ ಹೋಯಿತು. ಒಂಬತ್ತನೆಯ ವರ್ಷ ಇನ್ನೊಂದು ಸುದ್ದಿ ಬಂತು, ಮಗಳು ಬಸುರಿ.

ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಕುಬಸ ಮಾಡಬೇಕು. ಹಸಿರು ಸೀರೆ ಉಡಿಸಬೇಕು, ಹಸಿರು ಬಳೆ ತೊಡಿಸಬೇಕು, ಐದು ಮಂದಿ ಮುತ್ತೈದೆಯರಿಂದ ಸೆರಗಿನಲ್ಲಿ ಉಡಿ ತುಂಬಿಸಬೇಕು. ತಂಗೆವ್ವನಿಗೆ ತವರೆಂದರೆ ಇವಳೊಬ್ಬಳೇ. ಮದುವೆಗಂತೂ ಇರಲಿಲ್ಲ, ಕುಬಸಕ್ಕೂ ಇಲ್ಲದಿದ್ದರೆ ತಾನು ಎಂಥ ತಾಯಿ ಅಂದುಕೊಂಡು ಶಾವಂತ್ರೆವ್ವ ದೊರೆಯ ಮುಂದೆ ಹೋಗಿ ನಿಂತಳು. ದೊರೆ ನೂರಿಪ್ಪತ್ತು ಹೊನ್ನು ಎಣಿಸಿ ಕೊಟ್ಟ. ಹುಟ್ಟುವ ಕೂಸಿಗೆಂದು ದೊರೆಸಾನಿ ಒಂದು ಬೆಳ್ಳಿ ಬಟ್ಟಲು ಕೊಟ್ಟಳು. ಶಾವಂತ್ರೆವ್ವ ಹಸಿರು ಪತ್ತಲದ ಸೀರೆ ಕೊಂಡು, ಗಂಟು ಕಟ್ಟಿ, ಹಡಗು ಹತ್ತಿದಳು.

ಇನ್ನು ಆ ರಾಜ್ಯದ ಬಾಗಿಲ ಕಥೆ ಕೇಳಿ. ಬಂದರಿನಿಂದ ಒಳಗೆ ಹೋಗುವ ದಾರಿಗೆ ಅಡ್ಡಗೋಲು ಕಟ್ಟಿ ಒಂದು ಸುಂಕದ ಕಟ್ಟೆ. ಅದರ ಮೇಲೆ ಭುಜಂಗಪ್ಪ ಎಂಬ ಅಧಿಕಾರಿ. ಪರದೇಶದಲ್ಲಿ ದುಡಿದು ಬಂದವರು ನಲವತ್ತಕ್ಕೆ ಒಂದು ಪಾಲು ಕೊಡಬೇಕೆಂದು ರಾಜನ ಕಟ್ಟಳೆ. ಭುಜಂಗಪ್ಪನ ಕಟ್ಟಳೆಯೇ ಬೇರೆ.

ಶಾವಂತ್ರೆವ್ವನ ಜೊತೆ ಅದೇ ಹಡಗಿನಲ್ಲಿ ಇಬ್ಬರು ಬಂದಿದ್ದರು. ಮೊದಲು ಗೋಡೆ ಕಟ್ಟುವ ಗೌಂಡಿ ಹುಲಗಪ್ಪ ಹೋದ. ಏನಾದರೂ ತಂದಿದ್ದೀಯಾ ಅಂತ ಭುಜಂಗಪ್ಪ ಕೇಳಿದರೆ ಏನೂ ಇಲ್ಲ ಅಂದ. ಅವನ ರುಮಾಲು ಬಿಚ್ಚಿಸಿದರು, ಒಳಗೆ ಹೆಂಡತಿಗೆಂದು ತಂದ ಬಂಗಾರದ ಗುಂಡಿನ ಸರ. ಬಚ್ಚಿಟ್ಟ ತಪ್ಪಿಗೆ ಪೂರ್ತಿ ಜಪ್ತಿ.

ಆಮೇಲೆ ಸಿಂಪಿಗರ ನಾಮದೇವಪ್ಪ ಹೋದ. ಇದನ್ನು ನೋಡಿದ್ದನಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ. ಭುಜಂಗಪ್ಪ ಬಹಳ ಮೆಚ್ಚಿದ. ಮೆಚ್ಚಿ, ನೀರು ದಾಟಿದ್ದಕ್ಕೆ ಒಂದು ಸುಂಕ ಹಾಕಿದ, ಮರಳು ತುಳಿದಿದ್ದಕ್ಕೆ ಒಂದು ಹಾಕಿದ, ಕಟ್ಟೆಯ ಬೇವಿನ ನೆರಳಲ್ಲಿ ನಿಂತಿದ್ದಕ್ಕೆ ಇನ್ನೊಂದು ಹಾಕಿದ. ನಾಮದೇವಪ್ಪ ನೆರಳಿನಿಂದ ಈಚೆ ಬರುವಷ್ಟರಲ್ಲಿ ಕೈಯಲ್ಲಿ ಸೂಜಿ ಮಾತ್ರ ಉಳಿದಿತ್ತು.

ಹೀಗೆ ಬಂದದ್ದೆಲ್ಲ ರಾಜನ ಪೆಟ್ಟಿಗೆಗೆ ಹೋಯಿತೆಂದುಕೊಂಡಿರಾ? ಭುಜಂಗಪ್ಪನ ಹೆಂಡತಿ ರುಕ್ಮಾಬಾಯಿಯ ಕೊರಳು ನೋಡಿದರೆ ಸಾಕು, ಯಾವ ಹಡಗು ಯಾವಾಗ ಬಂತು ಅಂತ ಲೆಕ್ಕ ಹೇಳಬಹುದಿತ್ತು.

ಮೂರನೆಯವಳು ಶಾವಂತ್ರೆವ್ವ.

“ಏನಬೇ, ಏನರ ತಂದೀಯೇನು?” ಭುಜಂಗಪ್ಪ ಕೇಳಿದ.

ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. “ದಾಟೂ ಮುಂದ ಕೇಳ್ರಿ ಸಾಹೇಬ್ರ. ನಾ ಈಗ ದಾಟೂದಿಲ್ಲ,” ಅಂದು ಅಡ್ಡಗೋಲಿನ ಈಚೆಗೆ ಗಂಟು ಇಳಿಸಿ, ಬೇವಿನ ನೆರಳು ಬಿಟ್ಟು ಬಿಸಿಲಲ್ಲಿ ಕೂತಳು. ಮೂರು ಕಲ್ಲು ಹೂಡಿ ಒಲೆ ಮಾಡಿದಳು. ಬರಿಗೈಯಲ್ಲಿ ಊರ ಕಡೆ ಹೊರಟಿದ್ದ ಹುಲಗಪ್ಪನನ್ನೂ ನಾಮದೇವಪ್ಪನನ್ನೂ ಕರೆದು ಏನೋ ಹೇಳಿ ಕಳಿಸಿದಳು. ಗಂಡಸರಿಬ್ಬರೂ ಅಳುಮುಖ ಹೊತ್ತು ಬಂದವರು, ಹೋಗುವಾಗ ಯಾಕೋ ನಗುತ್ತಾ ಹೋದರು.

ಮೊದಲನೆಯ ದಿನ ಶಾವಂತ್ರೆವ್ವ ದಾರಿಹೋಕರಿಗೆ ರೊಟ್ಟಿ ಬಡಿದು ಕೊಟ್ಟು ಅಕ್ಕಿ, ಕೊಬ್ಬರಿ ಕೊಂಡಳು. ಭುಜಂಗಪ್ಪ ವಾಸನೆಗೆ ಸೋತು ಎರಡು ರೊಟ್ಟಿ ತಿಂದ. ಎರಡನೆಯ ದಿನ ಬೆಲ್ಲ, ಉತ್ತತ್ತಿ ಕೊಂಡಳು. ಭುಜಂಗಪ್ಪ ನಾಲ್ಕು ತಿಂದ, ಮುದುಕಿ ಎಷ್ಟು ದಿನ ಕೂರುತ್ತಾಳೆ ನೋಡೋಣ ಅಂತ ಕಾವಲಿನವರ ಮುಂದೆ ನಕ್ಕ. ಮೂರನೆಯ ದಿನ ಹಸಿರು ಬಳೆ, ಹೂವು, ಎಲೆ ಅಡಿಕೆ ಕೊಂಡಳು. ಭುಜಂಗಪ್ಪ ಆರು ತಿಂದ. ತಿಂದದ್ದಕ್ಕೆ ಒಂದು ಕಾಸನ್ನೂ ಕೊಡಲಿಲ್ಲ, ಅದನ್ನೂ ಹೇಳಿಬಿಡಬೇಕು.

ಮೂರನೆಯ ದಿನ ಮಧ್ಯಾಹ್ನ ಒಳಗಿನಿಂದ ಒಂದು ಗಾಡಿ ಬಂತು. ಗಾಡಿಯಿಂದ ತಂಗೆವ್ವ ಇಳಿದಳು, ಏಳು ತಿಂಗಳ ಬಸುರಿ. ಹಿಂದೆ ನಾಲ್ಕು ಮಂದಿ ಮುತ್ತೈದೆಯರು: ಹುಲಗಪ್ಪನ ಹೆಂಡತಿ, ನಾಮದೇವಪ್ಪನ ಹೆಂಡತಿ, ಸಾಕಿದ ಸೋದರತ್ತೆ, ತಂಗೆವ್ವನ ವಾರಗಿತ್ತಿ.

ಹನ್ನೊಂದರ ಹುಡುಗಿಯನ್ನು ಬಿಟ್ಟುಹೋದ ತಾಯಿಗೆ ಈ ಹೆಂಗಸು ಯಾರೆಂದು ಒಂದು ಗಳಿಗೆ ಗೊತ್ತಾಗಲಿಲ್ಲ. ತಂಗೆವ್ವ ಗೋಲಿನ ಆಚೆ ನಿಂತು ತಾಯಿಯ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಅಂಗೈ ತುಂಬ ಸುಟ್ಟ ಕಲೆ.

“ಯವ್ವಾ, ಇಷ್ಟ್ಯಾಕ ಸುಟಗೊಂಡಿ?”

“ನಿನ್ನ ನೆನಪಾದಾಗೆಲ್ಲ ಹಂಚು ಮರತು ಹೋಗತಿತ್ತು,” ಅಂದಳು ಶಾವಂತ್ರೆವ್ವ.

ಆಗ ಶಾವಂತ್ರೆವ್ವ ಭುಜಂಗಪ್ಪನ ಕಡೆ ತಿರುಗಿ, ಈಗ ಕೇಳಿ ಅಂದಳು. ಅವನು, ಎಲ್ಲ ಬಿಚ್ಚಿ ಹತ್ತು ಮಂದಿಯ ಮುಂದೆ ಹರಡು ಅಂದ. ಅವಳಿಗೆ ಬೇಕಾಗಿದ್ದೂ ಅದೇ. ಗಾಡಿಯಲ್ಲಿ ಬಂದ ಐದು ಮೊರ ಸಾಲಾಗಿ ಇಟ್ಟು ಒಂದರಲ್ಲಿ ಪತ್ತಲ, ಒಂದರಲ್ಲಿ ಬಳೆ, ಒಂದರಲ್ಲಿ ಅಕ್ಕಿ ಕೊಬ್ಬರಿ ಉತ್ತತ್ತಿ ಬೆಲ್ಲ, ಒಂದರಲ್ಲಿ ಬೆಳ್ಳಿ ಬಟ್ಟಲು, ಒಂದರಲ್ಲಿ ಹೊನ್ನು ಹರಡಿದಳು. ರಾಜನ ಪಾಲು ನಲವತ್ತಕ್ಕೆ ಒಂದು, ನೂರಿಪ್ಪತ್ತಕ್ಕೆ ಮೂರು ಹೊನ್ನು. ಪತ್ತಲ, ಬಟ್ಟಲಿನ ಬಾಬ್ತು ಇನ್ನೊಂದು. ನಾಲ್ಕನ್ನೂ ಎಣಿಸಿ ರಾಜನ ಪೆಟ್ಟಿಗೆಗೆ ಹಾಕಿ, ಕಟ್ಟೆಯ ಲೆಕ್ಕ ಬರೆಯುವ ಕರಣಿಕನಿಂದ ಓಲೆಗೆ ಮುದ್ರೆ ಒತ್ತಿಸಿಕೊಂಡಳು. ಭುಜಂಗಪ್ಪ ಉಳಿದದ್ದಕ್ಕೆ ನೀರು, ಮರಳು, ನೆರಳು ಅಂತ ಬೆರಳು ಮಡಚುತ್ತಾ ಕೂತ. ನೆರಳಲ್ಲಿ ಕೂರದವಳಿಗೆ ಬಿಸಿಲಿನ ಸುಂಕ ಹಾಕಬಹುದೇ ಅನ್ನುವಲ್ಲಿ ಅವನ ಲೆಕ್ಕ ಸಿಕ್ಕಿಕೊಂಡಿತು.

ಅಷ್ಟರಲ್ಲಿ ಹುಲಗಪ್ಪನ ಹೆಂಡತಿ ಕುಂಕುಮದ ಭರಣಿ ಹಿಡಿದು ಕಟ್ಟೆಯ ಹಿಂದಿನ ಮನೆಗೆ ಹೋಗಿದ್ದಳು. ಐದನೆಯ ಮುತ್ತೈದೆಯಾಗಿ ಬರಬೇಕೆಂದು ರುಕ್ಮಾಬಾಯಿಗೆ ಕರೆ ಕೊಟ್ಟಳು. ರುಕ್ಮಾಬಾಯಿಗೆ ನಂಬಿಕೆ ಬರಲಿಲ್ಲ. ಗಂಡನ ಕೈಗುಣಕ್ಕೆ ಹೆದರಿ ಆ ಸೀಮೆಯಲ್ಲಿ ಯಾರೂ ಅವಳನ್ನು ಒಂದು ಅರಿಶಿಣ ಕುಂಕುಮಕ್ಕೆ ಕರೆದವರಲ್ಲ. ಮೈತುಂಬ ಒಡವೆ, ತೋರಿಸೋಣ ಅಂದರೆ ಎದುರಿಗೆ ಗೋಡೆ. ಇದ್ದದ್ದನ್ನೆಲ್ಲ ಹೇರಿಕೊಂಡು ಓಡೋಡಿ ಬಂದಳು. ಗುಂಡಿನ ಸರವೂ ಕೊರಳಲ್ಲೇ ಇತ್ತು. ಹುಲಗಪ್ಪನ ಹೆಂಡತಿ ನೋಡಿದಳು. ಬಾಯಿ ಬಿಡಲಿಲ್ಲ. ಅವಳಿಗೆ ಅದೆಷ್ಟು ಕಷ್ಟವಾಗಿರಬೇಕು.

ತಂಗೆವ್ವನನ್ನು ಗೋಲಿನ ಈಚೆಗೆ ಕರೆತಂದು, ಪತ್ತಲ ಉಡಿಸಿ, ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿದರು. ಒಬ್ಬಳು ಅಕ್ಕಿ ಹಾಕಿದಳು, ಒಬ್ಬಳು ಕೊಬ್ಬರಿ, ಒಬ್ಬಳು ಉತ್ತತ್ತಿ, ಒಬ್ಬಳು ಬೆಲ್ಲ. ಹೊನ್ನಿದ್ದ ಐದನೆಯ ಮೊರ ರುಕ್ಮಾಬಾಯಿಯ ಪಾಲಿಗೆ ಬಂತು. ಶಾವಂತ್ರೆವ್ವ ಬೆಳ್ಳಿ ಬಟ್ಟಲನ್ನು ಅದರಲ್ಲೇ ಇಟ್ಟು, ಗಂಡನಿಲ್ಲದವಳ ಕೈ ಆಗಿಬರುವುದಿಲ್ಲವಂತೆ, ನೀವೇ ಹಾಕಿ ಅಂದಳು. ರುಕ್ಮಾಬಾಯಿ ಹಾಡು ಹೇಳುತ್ತಾ, ಕಣ್ಣೀರು ಸುರಿಸುತ್ತಾ, ಬಟ್ಟಲನ್ನೂ ಹೊನ್ನನ್ನೂ ಹಿಡಿ ಹಿಡಿಯಾಗಿ ಉಡಿಗೆ ಸುರಿದಳು. ಒಂದೂ ಉಳಿಯಲಿಲ್ಲ. ತಂಗೆವ್ವ ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು.

ಭುಜಂಗಪ್ಪ ತಲೆಯೆತ್ತಿದ. ಐದು ಮೊರವೂ ಖಾಲಿ. ದಡಬಡಿಸಿ ಬಂದು ಕೈ ಚಾಚಿದ.

ಬಸುರಿಯ ಉಡಿಗೆ ಬಿದ್ದದ್ದು ಹುಟ್ಟುವ ಕೂಸಿನದು. ಅದಕ್ಕೆ ಆ ರಾಜ್ಯದಲ್ಲಿ ರಾಜನೂ ಕೈ ಹಾಕುತ್ತಿರಲಿಲ್ಲ. ಆದರೂ ಭುಜಂಗಪ್ಪ ಹಾಕುತ್ತಿದ್ದನೇನೋ, ಎದುರಿಗೆ ಅವನ ಹೆಂಡತಿಯೇ ಬಂದು ನಿಂತಳು.

“ಕೈ ಹಿಂದಕ್ಕ ತಗೋರಿ. ಅದು ನಾ ತುಂಬಿದ ಉಡಿ.”

“ಏ ಹುಚ್ಚಿ, ಅದರಾಗ ನೂರಾ ಹದಿನಾರು ಹೊನ್ನು ಅದಾವ!”

“ಇರಲಿ. ಲಗ್ನಾಗಿ ಹದಿನೆಂಟು ವರ್ಷಕ್ಕ ಇವತ್ತು ನನ್ನ ಒಬ್ಬರು ಕರದಾರ. ನೀವು ಮುಟ್ಟಿದ್ರ ನಾನೂ ಇವರ ಗಾಡಿ ಹತ್ತತೀನಿ. ನಾಳೆಯಿಂದ ರೊಟ್ಟಿ ನೀವ ಬಡಕೋರಿ.”

ಕಾವಲಿನವರೆಲ್ಲ ಆಕಾಶ ನೋಡಿದರು. ಭುಜಂಗಪ್ಪನ ಕೈ ತಾನಾಗಿ ಕೆಳಗಿಳಿಯಿತು. ತಂಗೆವ್ವ ತುಂಬಿದ ಉಡಿ ಹಿಡಿದು ದಾಟಿದಳು. ಹಿಂದೆ ಶಾವಂತ್ರೆವ್ವ ಬರಿಗೈ ಬೀಸುತ್ತಾ ದಾಟಿದಳು, ಅವಳನ್ನು ಕೇಳುವುದಕ್ಕೇನೂ ಉಳಿದಿರಲಿಲ್ಲ. ಆಗ ಹುಲಗಪ್ಪನ ಹೆಂಡತಿ ರುಕ್ಮಾಬಾಯಿಯ ಕಿವಿಯಲ್ಲಿ ಮೆಲ್ಲಗೆ, ಆ ಸರ ನನ್ನ ಗಂಡ ಆರು ವರ್ಷ ಗೋಡೆ ಕಟ್ಟಿ ತಂದದ್ದು ತಾಯಿ ಅಂದಳು. ರುಕ್ಮಾಬಾಯಿ ಸರ ಬಿಚ್ಚಿ ಅವಳ ಕೊರಳಿಗೇ ಹಾಕಿದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅಂದಿನಿಂದ ಪರದೇಶದ ದುಡಿಮೆ ತಂದವರೆಲ್ಲ ರಾಜನ ಪಾಲು ಕೊಟ್ಟು ಮುದ್ರೆ ಒತ್ತಿಸಿಕೊಂಡು, ತಮ್ಮ ಕಡೆಯ ಒಬ್ಬ ಬಸುರಿಯನ್ನು ಕಟ್ಟೆಗೆ ಕರೆಸತೊಡಗಿದರು. ಸುಂಕದ ಕಟ್ಟೆಯಲ್ಲಿ ದಿನಾ ಸೋಬಾನೆ. ಪ್ರತಿ ಉಡಿಗೂ ಮೊದಲ ಹಿಡಿ ರುಕ್ಮಾಬಾಯಿಯದು. ಪೆಟ್ಟಿಗೆ ಇದ್ದಕ್ಕಿದ್ದಂತೆ ತುಂಬಿ ಬರುವುದನ್ನು ಕಂಡು ರಾಜನಿಗೆ ಅನುಮಾನ. ಈಗ ಇಷ್ಟು ಬಂದರೆ ಮೊದಲು ಬಂದದ್ದೆಲ್ಲಿ ಹೋಯಿತು ಅಂತ ಕರಣಿಕನನ್ನು ಕೇಳಿದ, ಅವನು ಎಲ್ಲ ಹೇಳಿಬಿಟ್ಟ. ರಾಜ ಜಪ್ತಿಯಾದ ಮಾಲನ್ನು ಅವರವರಿಗೆ ತಿರುಗಿ ಕೊಡಿಸಿದ. ಭುಜಂಗಪ್ಪನ ಅಧಿಕಾರ ಕಿತ್ತು, ದುಡಿದು ಬಂದ ಒಬ್ಬೊಬ್ಬರಿಗೂ ಅಡ್ಡಗೋಲು ಎತ್ತಿ ಕೈ ಮುಗಿಯುವ ಕೆಲಸ ಕೊಟ್ಟ. ಶಾವಂತ್ರೆವ್ವನಿಗೆ ಮೊಮ್ಮಗಳು ಹುಟ್ಟಿ, ಬೆಳ್ಳಿ ಬಟ್ಟಲಲ್ಲಿ ಹಾಲು ಕುಡಿದು ದುಂಡಗಾದಳು.

ಇದರಿಂದ ತಿಳಿಯಬೇಕಾದದ್ದು ಇಷ್ಟೇ, ಮಕ್ಕಳೇ. ದೂರದೇಶದಲ್ಲಿ ಕೈ ಸುಟ್ಟುಕೊಂಡು ತಂದದ್ದು ದುಡಿದವರದು, ಅವರು ಯಾರನ್ನು ನೆನೆದು ದುಡಿದರೋ ಅವರದು. ರಾಜನ ಪಾಲು ರಾಜನಿಗೆ ನ್ಯಾಯವಾಗಿ ಕೊಡಿ. ನಡುದಾರಿಯಲ್ಲಿ ನಿಂತು ಕಿತ್ತುಕೊಳ್ಳುವವನು ಊರೆಲ್ಲ ದೋಚಿ ಹೆಂಡತಿಯ ಮೈಮೇಲೆ ಹೇರಿದರೂ, ಕೊನೆಗೆ ಆ ಹೆಂಡತಿಯೂ ಅವನ ಪಕ್ಕದಲ್ಲಿ ನಿಲ್ಲುವುದಿಲ್ಲ. ಕಥೆ ಮುಗಿಯಿತು, ಕೇಳಿದವರ ಮನೆಯಿಂದ ದೂರ ಹೋದವರು ಸುಖವಾಗಿ ತಿರುಗಿ ಬರಲಿ.